ನಾಲೆಯ ಕೊನೆಯಿಂದ ಕೆಪ್ಪಜೋಗಕ್ಕೆ

ಮೊದಲ ದಿನ: ದಾವಣಗೆರೆಯಿಂದ ಸಿದ್ದಾಪುರದ ಕಡೆ

ಮೂರು ದಿನ ಹೊಲ ಬಿಟ್ಟು ಕಾಕಾ ನಮ್ಮ ಜೊತೆ ಬರುತ್ತಾರೆ ಅಂತ ಮನೆಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಅವರಿಗೆ ಈಗ ಅರವತ್ತಮೂರು. ದಾವಣಗೆರೆ ತಾಲ್ಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದಲ್ಲಿ ನಾಲ್ಕು ಎಕರೆ ಗದ್ದೆ. ಬೆಳಿಗ್ಗೆ ಪೇಪರ್ ಕೈಗೆ ಬಂದರೆ ಮೊದಲು ನೋಡುವುದು ಡ್ಯಾಂ ಮಟ್ಟ. 186 ಅಡಿ ಅಂದರೆ ಭದ್ರೆ ತುಂಬಿದಳು ಅಂತ ಲೆಕ್ಕ. ತುಂಬಿದರೂ ಕೊನೆ ಭಾಗಕ್ಕೆ ನೀರು ಹರಿದು ಬಂದೇ ಬರುತ್ತೆ ಅನ್ನುವ ಖಾತ್ರಿ ಇಲ್ಲ. ರಾತ್ರಿ ಬ್ಯಾಟರಿ ಹಿಡಿದು ನಾಲೆ ಏರಿ ಮೇಲೆ ಓಡಾಡಿ, ತೂಬು ಕಾದು, ಗದ್ದೆಗೆ ನೀರು ಕಟ್ಟಿ ಬದುಕಿದವರು ಅವರು.

ಈ ಸಲ ಭತ್ತ ತೆನೆ ಬಾಗಿತ್ತು, ಕೊಯ್ಲಿಗೆ ಇನ್ನೂ ಎರಡು ವಾರ ಇತ್ತು. ದೀಪಾವಳಿಯೂ ಮುಗಿದಿತ್ತು. "ಜೋಗ ನೋಡೀನಿ. ಬ್ಯಾರೆ ಎಲ್ಲಿಗಾರ ಕರ್ಕಂಡು ಹೋಗು" ಅಂದರು. ಹಾಗೆ ಉಂಚಳ್ಳಿ ಜಲಪಾತಕ್ಕೆ, ಅಲ್ಲಿಯವರ ಕೆಪ್ಪಜೋಗಕ್ಕೆ, ಹೋಗುವುದು ಅಂತ ತೀರ್ಮಾನವಾಯಿತು. ನಾನು, ನನ್ನ ಹೆಂಡತಿ, ಆರನೇ ಕ್ಲಾಸಿನ ಮಗಳು ಮತ್ತು ಕಾಕಾ. ನಾಲ್ಕು ಜನ, ಒಂದು ಹಳೇ ಕಾರು.

ಬೆಳಿಗ್ಗೆ ಏಳಕ್ಕೆ ಬೆಣ್ಣೆದೋಸೆ ತಿಂದು ಹೊರಟೆವು. ದಾವಣಗೆರೆಯವರು ದೋಸೆ ತಿನ್ನದೆ ಊರು ಬಿಡುವುದಿಲ್ಲ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ. ಹರಿಹರ ದಾಟುವವರೆಗೂ ಮಂಜು. ಆಮೇಲೆ ರಸ್ತೆಯ ಅರ್ಧ ಭಾಗ ಹಳದಿ, ಏಕೆಂದರೆ ಮೆಕ್ಕೆಜೋಳ ಒಣಗಲು ಹಾಕಿದ್ದರು. ಈ ತಿಂಗಳಲ್ಲಿ ನಮ್ಮ ಕಡೆ ಗಾಡಿ ಓಡಿಸುವವರು ನಿಧಾನಕ್ಕೆ ಹೋಗಬೇಕು. ರಾಶಿ ಕಾಯುವವರು ಅಲ್ಲೇ ರಸ್ತೆ ಅಂಚಿಗೆ ಕೂತಿರುತ್ತಾರೆ, ಕಾಳಿನ ಮೇಲೆ ಟೈರು ಜಾರುತ್ತದೆ.

ಮಲೇಬೆನ್ನೂರಿನ ಹತ್ತಿರ ನಾಲೆ ಕಂಡಿತು. ಕಾಕಾ ಕಿಟಕಿ ಇಳಿಸಿ ನೋಡಿದರು. "ಇಲ್ಲಿ ತುಂಬಿ ಹರೀತೈತಿ. ನಮ್ಮಲ್ಲಿಗೆ ಬರೋ ಹೊತ್ತಿಗೆ ಮಣಕಾಲಿಗಿಲ್ಲ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಎಷ್ಟೋ ವರ್ಷದಿಂದ ಹೇಳಿ ಹೇಳಿ ಆ ಮಾತಿನ ಕಾವು ಆರಿಹೋಗಿದೆ.

ಹೊನ್ನಾಳಿ, ನ್ಯಾಮತಿ, ಶಿಕಾರಿಪುರ. ನ್ಯಾಮತಿ ಪಕ್ಕ ಸುರಹೊನ್ನೆ ಅಂತ ಊರಿದೆ. ಸುರಹೊನ್ನೆ ಅಂದರೆ ಒಂದು ಮರ ಅಂತ ಮಗಳಿಗೆ ಹೇಳಿದೆ. "ಮರ ಎಲ್ಲಿದೆ ಅಪ್ಪಾ?" ಅಂದಳು. ನನಗೆ ತೋರಿಸಲು ಆಗಲಿಲ್ಲ.

ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವಾಗ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಬಯಲು ಮುಗಿದು ಗದ್ದೆ ಕಣಿವೆಗಳು ಶುರುವಾಗುತ್ತವೆ. ಗದ್ದೆಯ ತಲೆಯ ಕಡೆ ಒಂದೊಂದು ದಟ್ಟ ಕಾಡಿನ ತುಂಡು. ಸುತ್ತ ಎಲೆ ಉದುರುವ ಮರಗಳು ಇದ್ದರೂ ಆ ತುಂಡು ಮಾತ್ರ ಕಡು ಹಸಿರು. ಸೊರಬ ದಾಟಿದ ಮೇಲೆ ಟೀ ಕುಡಿಯಲು ನಿಂತ ಅಂಗಡಿಯವರನ್ನು ಕೇಳಿದೆ. "ಅದು ಕಾನು" ಅಂದರು. "ನಮ್ಮ ಕಡೆ ಊರಿಗೊಂದು ಕಾನು ಇತ್ತು. ಕಾನಿನೊಳಗೆ ದೇವರು ಇರ್ತದೆ, ಕೊಡಲಿ ಹಾಕಂಗಿಲ್ಲ. ಕೊಡಲಿ ಹಾಕಿದ್ರೆ ಕೆರೆ ಬತ್ತುತ್ತದೆ ಅಂತಿದ್ರು ಹಿರಿಯರು." ಕಾಕಾ ಟೀ ಲೋಟ ಕೆಳಗಿಟ್ಟು ಆ ಹಸಿರನ್ನೇ ನೋಡಿದರು. ಕಾನಿನ ಬುಡದಲ್ಲಿ ಕೆರೆ, ಕೆರೆ ಕೆಳಗೆ ಗದ್ದೆ. ಜೋಡಣೆ ಅವರಿಗೆ ಒಂದೇ ನೋಟಕ್ಕೆ ಅರ್ಥವಾಗಿತ್ತು ಅನಿಸುತ್ತೆ.

ಈ ಕಾನುಗಳ ವಿಷಯ ಇಂದು ನಿನ್ನೆಯದಲ್ಲ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಬರೆದಿದ್ದರು. ಜನ ಅಲ್ಲಿ ಕಾಳುಮೆಣಸು ಬೆಳೆಯುತ್ತಿದ್ದರು, ಬೈನೆ ಮರದಿಂದ ಹೆಂಡ ಇಳಿಸುತ್ತಿದ್ದರು, ಮರ ಮಾತ್ರ ಉಳಿಸಿಕೊಂಡಿದ್ದರು.

ಸಿದ್ದಾಪುರ ದಾಟಿ ಹೆಗ್ಗರಣಿ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಉಳಿಯಲು ಹೇಳಿಟ್ಟಿದ್ದೆವು. ಫೋನಿನ ಮ್ಯಾಪ್ ನಂಬಿ ಒಂದು ಕಡೆ ತಪ್ಪಾಗಿ ಎಡಕ್ಕೆ ತಿರುಗಿದೆವು. ರಸ್ತೆ ಸಣ್ಣದಾಗುತ್ತಾ ಹೋಗಿ ಯಾರದೋ ಕೊಟ್ಟಿಗೆ ಮುಂದೆ ಮುಗಿಯಿತು. ಕಾರು ತಿರುಗಿಸಲು ಜಾಗ ಇಲ್ಲ, ಅರ್ಧ ಕಿಲೋಮೀಟರ್ ಹಿಂದಕ್ಕೇ ಬಂದೆ. ಈ ಕಡೆ ಬರುವವರು ಸಿದ್ದಾಪುರದಲ್ಲೇ ಮನೆಯವರಿಗೆ ಫೋನ್ ಮಾಡಿ ದಾರಿ ಕೇಳಿಕೊಳ್ಳಬೇಕು. ಮುಂದೆ ಸಿಗ್ನಲ್ ಇರುವುದಿಲ್ಲ.

ಮನೆ ತಲುಪಿದಾಗ ನಾಲ್ಕೂವರೆ. ಯಜಮಾನರು ಅಂಗಳಕ್ಕೆ ಬಂದು, "ಬನ್ನಿ ಬನ್ನಿ, ಆಸರಿಗೆ ಎಂತ ಬೇಕು?" ಅಂದರು. ಕುಡಿಯಲು ಏನು ಕೊಡಲಿ ಅಂತ ಅದರರ್ಥ. ಮುರುಗಲು ಹಣ್ಣಿನ ಪಾನಕ ಬಂತು. ಕಡು ಕೆಂಪು, ಹುಳಿ, ಮೇಲೆ ಸ್ವಲ್ಪ ಜೀರಿಗೆ. ಇಡೀ ದಿನದ ಧೂಳು ಗಂಟಲಿನಿಂದ ಇಳಿಯಿತು.

ಕಾಲು ತೊಳೆಯಲು ಹಿತ್ತಿಲಿಗೆ ಹೋದೆವು. ಅಲ್ಲಿ ಅಬ್ಬಿ, ಅಂದರೆ ಗುಡ್ಡದ ಒರತೆಯ ನೀರು, ತರಲು ಗುಡ್ಡದ ಕಡೆಯಿಂದ ಸೀಳಿದ ಅಡಿಕೆ ಮರದ ದಬ್ಬೆ ಒಂದು ಬಂದಿತ್ತು. ಕವೆಗೋಲುಗಳ ಮೇಲೆ ಮಲಗಿಸಿದ್ದರು. ಅದರ ತುದಿಯಿಂದ ಹೆಬ್ಬೆರಳು ದಪ್ಪ ನೀರು ಕಲ್ಲುಮರಿಗೆಗೆ ಬೀಳುತ್ತಿತ್ತು. ಮರಿಗೆ ತುಂಬಿ, ಉಕ್ಕಿ, ಬಸಿಗಾಲುವೆಯಲ್ಲಿ ತೋಟಕ್ಕೆ ಹೋಗುತ್ತಿತ್ತು. ಕಾಕಾ ಕಾಲು ತೊಳೆದರು. ಮುಖ ತೊಳೆದರು. ಆಮೇಲೆ ದಬ್ಬೆಯ ಹಿಂದೆ ಮುಂದೆ ಕೈಯಾಡಿಸಿ ಏನೋ ಹುಡುಕತೊಡಗಿದರು.

"ಏನು ಬೇಕಿತ್ತು?" ಅಂತ ಯಜಮಾನರು ಕೇಳಿದರು.

"ಇದನ್ನ ಬಂದ್ ಮಾಡೋದು ಎಲ್ಲೈತ್ರಿ? ನೀರು ಸುಮ್ನೆ ಹೊಂಟೈತಿ."

"ಅಬ್ಬಿ ನೀರಿಗೆ ನಲ್ಲಿ ಇಲ್ಲ. ನನ್ನ ಅಜ್ಜನ ಕಾಲದಿಂದ ಹೀಂಗೇ ಬೀಳ್ತಾ ಇದೆ."

"ಬ್ಯಾಸಿಗ್ಯಾಗ?"

"ಬೇಸಿಗೆಯಲ್ಲಿ ಸಣ್ಣ ಆಗ್ತದೆ. ನಿಲ್ಲೋದಿಲ್ಲ."

ಕಾಕಾ ಆ ನೀರಿನ ಕೆಳಗೆ ಅಂಗೈ ಚಾಚಿ ಸುಮಾರು ಹೊತ್ತು ಹಾಗೇ ನಿಂತಿದ್ದರು. ಚನ್ನಗಿರಿಯಲ್ಲಿ ನಮ್ಮ ಬೀಗರ ಅಡಿಕೆ ತೋಟ ಇದೆ. ಬರದ ವರ್ಷ ಬೋರ್ ಮೇಲೆ ಬೋರ್ ಕೊರೆಸಿ, ಕೊನೆಗೆ ಟ್ಯಾಂಕರಿನಲ್ಲಿ ನೀರು ಹೊಡೆದು ಮರ ಉಳಿಸಿಕೊಂಡವರು. ಅದೇ ಅಡಿಕೆ, ಅದೇ ಮರ. ಇಲ್ಲಿ ಮೋಟಾರಿನ ಸದ್ದೇ ಇಲ್ಲ.

ರಾತ್ರಿ ಊಟಕ್ಕೆ ಅನ್ನ, ಅಪ್ಪೆಹುಳಿ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಚಂದ. ಅಘನಾಶಿನಿ ದಂಡೆಯ ಅಪ್ಪೆಮಿಡಿ ಈ ಕಡೆ ಹೆಸರುವಾಸಿ, ಆ ಪರಿಮಳ ಉಪ್ಪಿನಲ್ಲಿ ಹಾಕಿಟ್ಟರೂ ಹೋಗುವುದಿಲ್ಲ. ಊಟವಾದ ಮೇಲೆ ಯಜಮಾನರು ಹೊಳೆಯ ಕಥೆ ಹೇಳಿದರು. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತಾಳೆ. ಬೆಣ್ಣೆಹೊಳೆ ಅನ್ನುವ ಉಪನದಿ ಬಂದು ಸೇರುತ್ತದೆ. (ಹೆಸರು ಕೇಳಿ ಮಗಳಿಗೆ ಭಾರಿ ಖುಷಿ. "ದೋಸೆ ಹೊಳೆ ಇಲ್ವಾ?" ಅಂದಳು.) ಕುಮಟಾದ ಹತ್ತಿರ ಸಮುದ್ರ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಕೆಳಗೆ ಅಳಿವೆಯ ಗಜನಿ ಭೂಮಿಯಲ್ಲಿ (ಸಮುದ್ರದ ನೀರು ಒಳಬರುವ ತಗ್ಗು ಗದ್ದೆ) ಕಗ್ಗ ಅಂತ ಭತ್ತ ಬೆಳೆಯುತ್ತಾರೆ, ಉಪ್ಪುನೀರನ್ನೂ ತಡೆದುಕೊಳ್ಳುತ್ತದೆ. 2024ರಲ್ಲಿ ಆ ಅಳಿವೆಗೆ ಮುಖ್ಯವಾದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಸಿಕ್ಕಿತು. ಕಾಕಾನಿಗೆ ಜಲಪಾತಕ್ಕಿಂತ ಕಗ್ಗದ ಮೇಲೇ ಮನಸ್ಸು ಹೋಯಿತು. ಎಷ್ಟು ದಿನದ ಬೆಳೆ, ಸಸಿ ನೆಡ್ತಾರೋ ಎರಚ್ತಾರೋ, ಕಾಳು ಯಾವ ಬಣ್ಣ ಅಂತ ಹತ್ತು ಗಂಟೆವರೆಗೂ ಕೇಳಿದರು.

ಮಲಗಿದ ಮೇಲೆ ಅಬ್ಬಿಯ ಸದ್ದು ಕೇಳುತ್ತಿತ್ತು. ನಡುರಾತ್ರಿ ಎಚ್ಚರವಾದಾಗ ಕಾಕಾ ಹಾಸಿಗೆಯಲ್ಲಿ ಇರಲಿಲ್ಲ. ಹಿತ್ತಿಲಲ್ಲಿ ಬ್ಯಾಟರಿ ಬೆಳಕು ಕಂಡಿತು. ನೀರು ನೋಡಲು ಹೋಗಿದ್ದರು.

ಎರಡನೇ ದಿನ: ಕಾನಿನೊಳಗೆ

ತೆಳ್ಳೇವು, ಜೋನಿಬೆಲ್ಲ, ತುಪ್ಪ. ತೆಳ್ಳೇವು ಅಂದರೆ ಕಾಗದದಷ್ಟು ತೆಳು ದೋಸೆ. ನಮ್ಮ ಬೆಣ್ಣೆದೋಸೆಗೂ ಇದಕ್ಕೂ ಸಂಬಂಧವೇ ಇಲ್ಲ, ಎರಡೂ ಬೇಕು. ನಾನು ಎಂಟು ತಿಂದೆ.

ದಾರಿ ತೋರಿಸಲು ಆ ಮನೆಗೆ ಅಡಿಕೆ ಕೊಯ್ಯಲು ಬರುವ ಕೊನೆಗೌಡರೊಬ್ಬರು ಬಂದರು. ಅಡಿಕೆ ಗೊನೆಗೆ ಇಲ್ಲಿ ಕೊನೆ ಅನ್ನುತ್ತಾರೆ, ಮರ ಹತ್ತಿ ಅದನ್ನು ಇಳಿಸುವವರು ಕೊನೆಗೌಡ. ನಡುವಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ಬರಿಗಾಲು. ವಯಸ್ಸು ಐವತ್ತರ ಮೇಲೆ ಇರಬೇಕು. ಅವರ ಕೊಯ್ಲು ಇನ್ನೇನು ಶುರುವಾಗುವುದಿತ್ತು, ಆ ದಿನ ಬಿಡುವು.

ಉಂಚಳ್ಳಿಗೆ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಇಳಿದು ಮೆಟ್ಟಿಲಿಳಿದು ನೋಡಿ ಬರಬಹುದು. ನಾವು ಹಾಗೆ ಮಾಡಲಿಲ್ಲ. ಹೆಗ್ಗರಣಿಯಲ್ಲೇ ಕಾರು ಬಿಟ್ಟು ನಡೆದೆವು. ಸುಮಾರು ಐದು ಕಿಲೋಮೀಟರ್. ಇದು ಸರಿಯಾದ ತೀರ್ಮಾನ ಅಂತ ಈಗಲೂ ಹೇಳುತ್ತೇನೆ. ಕಾರಿನಲ್ಲಿ ಹೋಗಿದ್ದರೆ ಜಲಪಾತ ಸಿಗುತ್ತಿತ್ತು, ಕಾಡು ಸಿಗುತ್ತಿರಲಿಲ್ಲ.

ಹೊರಡುವ ಮೊದಲು ಗೌಡರು ನಮ್ಮ ಕಾಲು ನೋಡಿದರು. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ ಅಂದರು. ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಒಂದೊಂದು ಕೊಟ್ಟರು. ಉಂಬಳ (ಜಿಗಣೆ) ಹತ್ತಿದರೆ ಎಳೆಯಬಾರದು, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ಮಳೆ ನಿಂತು ವಾರ ಆಗಿದ್ದರೂ ಉಂಬಳ ಇರುತ್ತವೆ ಅಂದರು. ಇದ್ದವು. ಹೆಂಡತಿಗೆ ಎರಡು, ನನಗೆ ಏಳು. ಗೌಡರ ಬರಿಗಾಲಿಗೆ ಒಂದೂ ಇಲ್ಲ. ಹತ್ತಿದ್ದು ಬರಿಗಾಲಿಗಾದರೆ ಆಗಲೇ ಗೊತ್ತಾಗುತ್ತೆ, ಬೂಟಿನೊಳಗಾದರೆ ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ ಅಂದರು.

ತೋಟ ಮುಗಿದು ಸೊಪ್ಪಿನ ಬೆಟ್ಟ ಬಂತು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಿಟ್ಟ ಕಾಡು ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಹಿಂದಿನಿಂದ ಬಂದ ಲೆಕ್ಕ. ಮತ್ತಿ, ನಂದಿ, ಹೊನ್ನೆ, ಎಲ್ಲ ಕೊಂಬೆ ಸವರಿಸಿಕೊಂಡು ಕಂಬದ ಹಾಗೆ ನಿಂತಿದ್ದವು. ಬಿಸಿಲು ನೆಲದವರೆಗೂ ಬರುತ್ತಿತ್ತು. ಅಲ್ಲಿಂದ ಒಂದು ಇಳಿಜಾರು ಇಳಿದೆವು. ಅಲ್ಲಿ ಬಿಸಿಲು ನಿಂತಿತು.

ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೇಲೆ ಎಲ್ಲೋ ಎಲೆಗಳ ನಡುವೆ ಆಕಾಶದ ಚೂರುಗಳು. ಕೆಳಗೆ ತಣ್ಣಗೆ, ಒದ್ದೆ ಮಣ್ಣಿನ ವಾಸನೆ. ಕಾಂಡ ತಬ್ಬಲು ಮೂರು ಜನ ಬೇಕಾಗುವಂಥ ಮರಗಳು. ಬುಡದಲ್ಲಿ ಹಲಗೆಯಂತೆ ಚಾಚಿದ ಬೇರುಗಳು ಮಗಳ ಎದೆ ಎತ್ತರಕ್ಕೆ ಇದ್ದವು. ಒಂದೊಂದಕ್ಕೂ ಗೌಡರು ಹೆಸರು ಹೇಳುತ್ತಾ ಹೋದರು. ಧೂಪ, ಹೆಬ್ಬಲಸು, ಗುಳಮಾವು, ಉಪ್ಪಾಗೆ, ಬೈನೆ. ಧೂಪದ ಕಾಂಡದಲ್ಲಿ ಒಸರಿ ಗಟ್ಟಿಯಾದ ಅಂಟಿನ ಚೂರು ಕಿತ್ತು ಮಗಳ ಕೈಗೆ ಕೊಟ್ಟರು. ಮೂಸಿ ನೋಡಿ, "ಪೂಜೆ ವಾಸನೆ" ಅಂದಳು.

"ಸುರಹೊನ್ನೆ ಇದೆಯಾ?" ಅಂತ ಅವಳೇ ನೆನಪಿಟ್ಟು ಕೇಳಿದಳು. ಹಳ್ಳದ ಪಕ್ಕ ತೋರಿಸಿದರು. ತೊಗಟೆ ಮೇಲೆ ದೋಣಿ ಆಕಾರದ ಸೀಳುಗಳು. ಅವಳು ಅದನ್ನು ಮುಟ್ಟಿ ನೋಡಿದ ಮೇಲೇ ಮುಂದೆ ಹೊರಟಳು.

ಕಾಕಾ ಮಾತ್ರ ಮೇಲೆ ನೋಡಲಿಲ್ಲ. ನೆಲ ನೋಡುತ್ತಾ ಬರುತ್ತಿದ್ದರು. ಒಂದು ಕಡೆ ಕೂತೇಬಿಟ್ಟರು. ದಣಿವಾಯಿತೇನೋ ಅಂತ ಹತ್ತಿರ ಹೋದೆ. ದರಕನ್ನು ಪದರ ಪದರವಾಗಿ ಬಿಡಿಸುತ್ತಿದ್ದರು. ಮೇಲೆ ಈ ವರ್ಷದ ಒಣ ಎಲೆ. ಅದರ ಕೆಳಗೆ ನರ ಮಾತ್ರ ಉಳಿದ, ಜಾಲರಿಯಂಥ ಎಲೆ. ಅದರ ಕೆಳಗೆ ಎಲೆಯೋ ಮಣ್ಣೋ ಗೊತ್ತಾಗದ ಕಪ್ಪು. ಅದರೊಳಗೆ ಬಿಳಿ ದಾರದಂಥ ಬೂಷ್ಟು, ಕೂದಲಿನಂಥ ಬೇರು. ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

"ಮಳಿ ಬಂದು ಎಷ್ಟು ದಿನ ಆತು?"

"ಎಂಟು ದಿನ ಆಯ್ತು" ಅಂದರು ಗೌಡರು.

"ಎಂಟು ದಿನ!" ಕಾಕಾ ಇನ್ನೊಮ್ಮೆ ಹಿಂಡಿದರು. "ನಮ್ಮ ಹೊಲದಾಗ ಎಂಟು ದಿನಕ್ಕ ನೆಲ ಬಿರೀತತಿ."

ನಮ್ಮಲ್ಲಿ ವರ್ಷಕ್ಕೆ ಬೀಳುವುದು 600-650 ಮಿಲಿಮೀಟರ್ ಮಳೆ. ಇಲ್ಲಿ ಅದರ ನಾಲ್ಕೈದು ಪಟ್ಟು. ಮಳೆ ಜಾಸ್ತಿ, ಹಾಗಾಗಿ ನೀರು ಜಾಸ್ತಿ ಅಂತ ನಾನು ತಿಳಿದಿದ್ದೆ. ಕಾಕಾ ಆ ಹಿಡಿಮಣ್ಣು ತೋರಿಸುವವರೆಗೆ ಅರ್ಧ ವಿಷಯ ನನಗೆ ಹೊಳೆದಿರಲಿಲ್ಲ. ಬಿದ್ದ ಮಳೆ ಓಡಿ ಹೋಗದಂತೆ ಇಷ್ಟು ದಪ್ಪದ ದರಕು ತಡೆಯುತ್ತದೆ. ಅಲ್ಲಿಂದ ಬೇರಿನ ಗುಂಟ ಇಳಿದು, ತಿಂಗಳುಗಟ್ಟಲೆ ನಿಧಾನಕ್ಕೆ ಒಸರಿ, ಎಲ್ಲೋ ಕೆಳಗೆ ಹೆಬ್ಬೆರಳು ದಪ್ಪದ ಅಬ್ಬಿಯಾಗುತ್ತದೆ. ಇದೂ ಅಣೆಕಟ್ಟೇ ಅಲ್ವಾ? ಗೇಟು ಮಾತ್ರ ಇಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ತಡೆದಿದ್ದರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಅಪ್ಪಿಕೊ ಚಳವಳಿ ಅದು. ಶಾಲೆಯಲ್ಲಿ ಎರಡು ಅಂಕಕ್ಕೆ ಓದಿದ್ದೆ. ಆ ಜನ ತಮ್ಮ ಅಬ್ಬಿಯನ್ನೇ ಅಪ್ಪಿಕೊಂಡಿದ್ದರು ಅಂತ ಕಾಕಾನ ಪಕ್ಕ ಕೂತಾಗ ಅನಿಸಿತು.

ಮುಂದೆ ಒಂದು ಕಡೆ ಮರದ ತುದಿಯಲ್ಲಿ ಕೆಂಜಳಿಲು ಕಂಡಿತು. ಕೊಂಬೆಯಿಂದ ಕೊಂಬೆಗೆ ಹಾರಿದಾಗ ಬಾಲ ಹಿಂದೆ ತೇಲಿ ಬರುತ್ತಿತ್ತು. ಮಂಗಟ್ಟೆ ಹಕ್ಕಿ ಕಾಣಲಿಲ್ಲ, ಆದರೆ ರೆಕ್ಕೆಯ ಸದ್ದು ತಲೆ ಮೇಲೆ ಹಾದುಹೋಯಿತು. ದೊಡ್ಡ ಬೀಸಣಿಗೆ ಬೀಸಿದ ಹಾಗೆ. ಸಿಂಗಳೀಕ ನೋಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಅವುಗಳಿಗಾಗಿಯೇ 2011ರಲ್ಲಿ ಈ ಭಾಗದಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಿಸಿದರು. ಕಾಣಲಿಲ್ಲ. ಅರ್ಧ ತಿಂದು ಬಿಸಾಡಿದ ಹಣ್ಣುಗಳು ಜಾಡಿನ ತುಂಬ ಬಿದ್ದಿದ್ದವು. ಬೆಳಿಗ್ಗೆ ಇಲ್ಲಿದ್ದವು ಅಂದರು ಗೌಡರು.

ಜಲಪಾತ ಕಾಣುವ ಮುಂಚೆ ಕೇಳಿತು. ಮೊದಲು ದೂರದಲ್ಲಿ ಲಾರಿ ಹೋದ ಹಾಗೆ. ಆಮೇಲೆ ನಿಲ್ಲದ ಲಾರಿ. ಆಮೇಲೆ ಮಾತು ಕೇಳದಷ್ಟು. ಇಲ್ಲಿಯವರು ಇದನ್ನು ಕೆಪ್ಪಜೋಗ ಅನ್ನುತ್ತಾರೆ, ಕಿವಿ ಕೆಪ್ಪಾಗಿಸುವ ಜೋಗ. ಸರ್ಕಾರಿ ಬೋರ್ಡುಗಳಲ್ಲಿ ಉಂಚಳ್ಳಿ. ಲಷಿಂಗ್ಟನ್ ಜಲಪಾತ ಅಂತಲೂ ಹೆಸರಿದೆ, 1845ರಲ್ಲಿ ಇದನ್ನು ಕಂಡ ಕಲೆಕ್ಟರ್ ಲಷಿಂಗ್ಟನ್ ಸಾಹೇಬರ ಹೆಸರು. ಊರಿನವರ ಕಿವಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತಲ್ಲ. ನನಗೆ ಕೆಪ್ಪಜೋಗವೇ ಸರಿ ಅನಿಸುತ್ತೆ.

ಮೆಟ್ಟಿಲಿಳಿದು ಕಟಕಟೆ ಹಿಡಿದು ನಿಂತೆವು. ಎದುರಿಗೆ ಇಡೀ ಕಣಿವೆ. 116 ಮೀಟರ್ ಎತ್ತರದಿಂದ ಅಘನಾಶಿನಿ ಬಂಡೆಯ ಮೇಲೆ ಹರಡಿಕೊಂಡು ಬೀಳುತ್ತಿದ್ದಳು. ಮೇಲ್ಗಡೆ ಅಗಲ ಕಡಿಮೆ, ಕೆಳಗೆ ಬರುತ್ತಾ ಸೆರಗು ಹರಡಿದ ಹಾಗೆ ಅಗಲ. ಬುಡ ಕಾಣುವುದಿಲ್ಲ, ಬರೀ ಬಿಳಿ ಹೊಗೆ. ಆ ಹೊಗೆ ಎದುರಿನ ಕಾಡಿನ ಮೇಲೆ ಏರಿ ಅಲ್ಲೇ ಕರಗುತ್ತಿತ್ತು. ಹತ್ತೂವರೆ ಹೊತ್ತಿಗೆ ಬಿಸಿಲು ಮೋಡದಿಂದ ಹೊರಬಂತು. ಹೊಗೆಯಲ್ಲಿ ಕಾಮನಬಿಲ್ಲು ಮೂಡಿತು. ಮೋಡ ಮುಚ್ಚಿದಾಗ ಅಳಿಯಿತು, ಮತ್ತೆ ಮೂಡಿತು. ಮಗಳು ಎಣಿಸುತ್ತಿದ್ದಳು. ಹನ್ನೊಂದರವರೆಗೆ ಆರು ಸಲ.

ಕಾಕಾ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿದರು. "ಇದಕ್ಕ ಮ್ಯಾಲೆ ಬಿಡೋರು ಯಾರೂ ಇಲ್ಲೇನು?"

"ಯಾರೂ ಇಲ್ಲ ಕಾಕಾ."

ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹನಿ ಅಲ್ಲಿಯವರೆಗೂ ಬರುತ್ತಿತ್ತು. ಆಮೇಲೆ ಕೈ ಮುಗಿದರು. ದೇವಸ್ಥಾನದಲ್ಲಿ ಅವಸರದಲ್ಲಿ ಮುಗಿಯುತ್ತಾರಲ್ಲ, ಹಾಗಲ್ಲ. ಎರಡೂ ಕೈ ಎದೆಗೆ ಒತ್ತಿ, ಕಣ್ಣು ತೆರೆದೇ.

ಬುಡಕ್ಕೆ ಇಳಿಯುವ ಜಾಡಿನ ಬಗ್ಗೆ ಕೇಳಿದೆ. ಗೌಡರು ಖಂಡಿತ ಬೇಡ ಅಂದರು. ಬಂಡೆ ಪಾಚಿಗಟ್ಟಿದೆ, ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಕಟಕಟೆ ದಾಟಿ ಫೋಟೋಗೆ ನಿಂತಿದ್ದ ಇಬ್ಬರು ಹುಡುಗರನ್ನು ಅವರೇ ಕೂಗಿ ಕರೆದು ಈಚೆ ತಂದರು. ಹುಡುಗರಿಗೆ ಕೇಳಿಸಿರಲಿಲ್ಲ, ಹತ್ತಿರ ಹೋಗಿ ತೋಳು ಹಿಡಿಯಬೇಕಾಯಿತು. ಅಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ ಅನ್ನುವುದನ್ನು ಹೋಗುವವರು ನೆನಪಿಡಬೇಕು.

ರೊಟ್ಟಿ, ಚಟ್ನಿಪುಡಿ, ಮನೆಯವರು ಕಟ್ಟಿಕೊಟ್ಟ ಮಜ್ಜಿಗೆಯನ್ನ. ಗೌಡರಿಗೆ ಖಡಕ್ ರೊಟ್ಟಿ ಹೊಸದು. ಮುರಿದಾಗ ಬಂದ ಸದ್ದಿಗೆ ನಕ್ಕರು. ನಾಲ್ಕು ತಿಂದು, ಎರಡು ಮನೆಗೆ ಕಟ್ಟಿಕೊಂಡರು.

ಎರಡು ಗಂಟೆಗೆ ವಾಪಸ್ ಹೊರಟಾಗ ಮಳೆ ಹಿಡಿಯಿತು. ನವೆಂಬರ್ ಅಂತ ನಾವು ರೇನ್‌ಕೋಟ್ ತಂದಿರಲಿಲ್ಲ. ಹೋಗುವವರು ಯಾವ ತಿಂಗಳಾದರೂ ತರಬೇಕು. ದೊಡ್ಡ ಮರದ ಕೆಳಗೆ ನಿಂತೆವು. ಮೊದಲ ಹತ್ತು ನಿಮಿಷ ಒಂದು ಹನಿಯೂ ಬೀಳಲಿಲ್ಲ. ಮೇಲೆ ಎಲೆಗಳ ಮೇಲೆ ಮಾತ್ರ ಗುಡುಗಿದಂತೆ ಸದ್ದು. ಆಮೇಲೆ ಕಾಂಡದ ಗುಂಟ ನೀರು ಇಳಿಯತೊಡಗಿತು. ಅರ್ಧ ಗಂಟೆಗೆ ಮಳೆ ನಿಂತಿತು, ಕಾಡಿನೊಳಗೆ ನಿಲ್ಲಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅನ್ನುವ ಗಾದೆಯನ್ನು ಬಯಲಿನಲ್ಲಿ ಕೂತು ಎಷ್ಟೋ ಸಲ ಹೇಳಿದ್ದೇನೆ. ಆ ದಿನ ಅದರಲ್ಲಿ ನೆನೆದೆ.

ಏರು ಹತ್ತುವಾಗ ಮಗಳ ಬೂಟಿನ ಅಡಿ ಪೂರ್ತಿ ಕಿತ್ತು ಬಂತು. ಅವಳಿಗೆ ಅಳು. ಇನ್ನೂ ಮೂರು ಕಿಲೋಮೀಟರ್ ಇತ್ತು. ಗೌಡರು ಏನೂ ಹೇಳದೆ ಪಕ್ಕದ ಕಾಡುಬಾಳೆಯ ಕಾಂಡದಿಂದ ಒಂದು ಪಟ್ಟೆ ಸೀಳಿದರು. ಕತ್ತಿಯ ಬೆನ್ನಿನಿಂದ ಗೀರಿ ತಿರುಳು ತೆಗೆದರು. ಉಳಿದ ನಾರನ್ನು ತೊಡೆ ಮೇಲೆ ಹೊಸೆದರು. ಎರಡು ನಿಮಿಷದಲ್ಲಿ ಹಗ್ಗ. ಅದನ್ನು ಬೂಟಿನ ಅಡಿಯಿಂದ ತಂದು, ಹಿಮ್ಮಡಿ ಸುತ್ತಿ, ಮೇಲೆ ಗಂಟು ಹಾಕಿದರು. "ಈಗ ಓಡು ತಂಗಿ" ಅಂದರು. ಓಡಿದಳು. ಮನೆ ಮುಟ್ಟುವವರೆಗೆ ಗಂಟು ಸಡಿಲಲಿಲ್ಲ.

ಮೂರನೇ ದಿನ: ಕತ್ತಲೆಕಾನು, ಜೋಗ, ನಾಲೆ

ಹೊರಡುವಾಗ ಮನೆಯಾಕೆ ತೊಡೆದೇವು ಕಟ್ಟಿಕೊಟ್ಟರು. ಕಬ್ಬಿನಹಾಲಿನಲ್ಲಿ ಮಾಡುವ ಗರಿಗರಿ ಸಿಹಿ, ಗಾಳಿ ಆಡಿದರೆ ಮೆತ್ತಗಾಗುತ್ತದೆ. ಡಬ್ಬಿಯಲ್ಲೇ ಇಡಬೇಕು. ಮಗಳು ಬಾಟಲಿಗೆ ಅಬ್ಬಿ ನೀರು ತುಂಬಿಕೊಂಡಳು.

ಸಿದ್ದಾಪುರದಿಂದ ಮಾವಿನಗುಂಡಿಗೆ ಬಂದು ಹೊನ್ನಾವರ ರಸ್ತೆಯಲ್ಲಿ ಸ್ವಲ್ಪ ಹೋದರೆ ಕತ್ತಲೆಕಾನು. ಇಲ್ಲಿ ರಾಮಪತ್ರೆ ಜಡ್ಡಿ ಇದೆ. ರಾಮಪತ್ರೆ ಅಂದರೆ ಜಾಯಿಕಾಯಿ ಜಾತಿಯ ಕಾಡುಮರ, ಜಡ್ಡಿ ಅಂದರೆ ಜೌಗು. ಸುಮ್ನೆ ನುಗ್ಗುವ ಜಾಗ ಅಲ್ಲ. ಮೊದಲೇ ಅನುಮತಿ ಕೇಳಿ, ಫಾರೆಸ್ಟ್ ವಾಚರ್ ಒಬ್ಬರ ಜೊತೆ ಅಂಚಿನವರೆಗೆ ಹೋದೆವು. ಕಪ್ಪು ಕೆಸರಿನಿಂದ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿದಿದ್ದವು. ಯಾವಾಗಲೂ ನೀರು ನಿಂತ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಹಾಗಾಗಿ ಬೇರೇ ಗಾಳಿ ಹುಡುಕಿಕೊಂಡು ಮೇಲೆ ಬರುತ್ತದೆ. ಇಂಥ ಜಡ್ಡಿಗಳು ಈಗ ಪಶ್ಚಿಮಘಟ್ಟದಲ್ಲಿ ಅಲ್ಲಲ್ಲಿ ಚೂರು ಚೂರಾಗಿ ಉಳಿದಿವೆ. ಗೇರಿನ ಕುಟುಂಬದ ಒಂದು ಮರವನ್ನು 2000ದಲ್ಲಿ ಇಲ್ಲೇ ಹೊಸದಾಗಿ ಗುರುತಿಸಿ, ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ.

ವಾಚರ್ ಮೆಲ್ಲಗೆ ಮಾತಾಡುತ್ತಿದ್ದರು. ನಾವೂ ಮೆಲ್ಲಗೆ ಮಾತಾಡಿದೆವು. ಕೆಸರಿನ ಅಂಚಿನಿಂದ ಸಣ್ಣ ಹಳ್ಳ ಒಂದು ಸದ್ದಿಲ್ಲದೆ ಹೊರಡುತ್ತಿತ್ತು. ತಿಳಿ ನೀರು, ಕೆಳಗಿನ ಎಲೆ ಎಣಿಸಬಹುದು. "ಈ ಮರ ಹೋದ್ರೆ ಈ ಹಳ್ಳ ಹೋಗ್ತದೆ. ಈ ಹಳ್ಳ ಹೋದ್ರೆ ಈ ಮರ ಹೋಗ್ತದೆ" ಅಂದರು. ಕಾಕಾ ತಲೆಯಾಡಿಸಿದರು.

ವಾಪಸ್ಸಿನಲ್ಲಿ ದಾರಿಯಲ್ಲೇ ಇತ್ತು ಅಂತ ಜೋಗಕ್ಕೂ ಹೋದೆವು. 253 ಮೀಟರ್. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಇದ್ದವು, ಆದರೆ ತೆಳ್ಳಗೆ. 1964ರಲ್ಲಿ ಮೇಲೆ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯ ನೀರು ಕರೆಂಟಿಗೆ ಹೋಗುತ್ತದೆ. ಆ ಕರೆಂಟಿನಿಂದಲೇ ನಮ್ಮ ಊರಿನ ದೀಪ ಉರಿದಿದೆ, ಬೋರ್ ಓಡಿದೆ. ಅದನ್ನು ಕೆಟ್ಟದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಹಿಂದಿನ ದಿನ ಕೆಪ್ಪಜೋಗ ನೋಡಿ ಬಂದವರಿಗೆ ಇಲ್ಲಿನ ಮೌನ ಎದೆಗೆ ತಟ್ಟುತ್ತದೆ. ಮೆಲ್ಲಗೆ ಮಾತಾಡಿದರೂ ಕೇಳುತ್ತಿತ್ತು.

ಸಾಗರ, ಶಿವಮೊಗ್ಗ, ಹೊನ್ನಾಳಿ. ನಿದ್ದೆ, ಮಂಡಕ್ಕಿ, ಮತ್ತೆ ನಿದ್ದೆ. ಮಲೇಬೆನ್ನೂರು ಬರುವಾಗ ಹೊತ್ತು ಮುಳುಗುತ್ತಿತ್ತು.

"ಇಲ್ಲೇ ಒಂಚೂರು ನಿಲ್ಸಪಾ" ಅಂದರು ಕಾಕಾ.

ನಾಲೆ ಏರಿ ಮೇಲೆ ಹೋಗಿ ನಿಂತೆವು. ನೀರು ಸಂಜೆ ಬೆಳಕಿನಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮಗಳು ಬಾಳೆನಾರಿನ ಬೂಟಿನಲ್ಲೇ ಇಳಿದು ಬಂದಿದ್ದಳು, ಬಿಚ್ಚಲು ಒಪ್ಪಿರಲಿಲ್ಲ.

"ಸಣ್ಣಜ್ಜ, ಈ ನೀರು ಎಲ್ಲಿಂದ ಬರುತ್ತೆ?"

"ಭದ್ರಾ ಡ್ಯಾಂನಿಂದವ್ವ."

"ಡ್ಯಾಂಗೆ?"

ಕಾಕಾ ತಕ್ಷಣ ಹೇಳಲಿಲ್ಲ. ಎಷ್ಟೋ ವರ್ಷ ಈ ನೀರು ಕಾದವರು. ನನ್ನ ಕಡೆ ತಿರುಗಿದರು. ಕುದುರೆಮುಖದ ಕಡೆ ಗಂಗಾಮೂಲ ಅಂತ ಇದೆ, ತುಂಗೆ ಭದ್ರೆ ಎರಡೂ ಅಲ್ಲೇ ಹುಟ್ಟುತ್ತವೆ ಅಂದೆ.

"ಅಲ್ಲೂ ಕಾನು ಐತೇನು?"

"ಐತಿ ಕಾಕಾ. ದೊಡ್ಡ ಕಾಡು."

ಅವರು ಮಗಳ ಕೈಯಿಂದ ಬಾಟಲಿ ಇಸಿದುಕೊಂಡರು. ತಳದಲ್ಲಿ ಎರಡು ಗುಟುಕು ಅಬ್ಬಿ ನೀರು ಉಳಿದಿತ್ತು. ಒಂದು ಗುಟುಕು ಕುಡಿದು, ಒಂದು ಅವಳಿಗೆ ಬಿಟ್ಟರು.

"ಬ್ಯಾಸಿಗಿ ಭತ್ತ ಕೊಯ್ದ ಮ್ಯಾಲೆ ಹೋಗಾನ" ಅಂದರು. "ಆಗ ನಿನಗೂ ಸಾಲಿ ರಜ ಇರ್ತತಿ."